ಹಳೇ ಮರದ ದೋಣಿ, ಅದರ ಬಾಡಿಗೆ ಮತ್ತು ತಲೆ ಎಣಿಸುವ ಲೆಕ್ಕ

ಸೆಮ್ ಮುಗಿದು ಕ್ಲಾಸಿನವರೆಲ್ಲ ಟ್ರಿಪ್ ಹೊರಟರೆ ಎಲ್ಲೋ ಒಂದು ಕಡೆ ಬೋಟ್ ಹತ್ತಿಯೇ ಹತ್ತುತ್ತೀವಿ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ, ಇಲ್ಲಾಂದ್ರೆ ಆಲಪ್ಪುಳದ ಹಿನ್ನೀರಿಗೆ. ತಲೆಗೆ ಇಷ್ಟು ಅಂತ ಕೊಟ್ಟು ಹತ್ತೋದು ಒಂದು ಬಗೆ. ಇಡೀ ಬೋಟನ್ನೇ, ಅದನ್ನು ನಡೆಸುವವರ ಸಮೇತ, ಅರ್ಧ ದಿನಕ್ಕೋ ಒಂದು ದಿನಕ್ಕೋ ಬಾಡಿಗೆಗೆ ಹಿಡಿಯೋದು ಇನ್ನೊಂದು ಬಗೆ. ಈ ಎರಡನೆಯದಕ್ಕೆ ಚಾರ್ಟರ್ ಅಂತಾರೆ. ಗಾಳ ಹಾಕಿ ಮೀನು ಹಿಡಿಯೋಕೆ ಚಾರ್ಟರ್ ಮಾಡುವವರಿದ್ದಾರೆ. ಸುಮ್ಮನೆ ಸಂಜೆಯ ಗಾಳಿಗೆ ಸುತ್ತಾಡಿ ಬರೋಕೆ ಮಾಡುವವರೂ ಇದ್ದಾರೆ.

ಚಾರ್ಟರ್‌ಗೆ ಸಿಗುವ ದೋಣಿಗಳಲ್ಲಿ ಒಂದು ವಿಶೇಷ ಪಂಗಡ ಇದೆ. ಅವು ನೂರು ವರ್ಷ ಹಳೆಯ ಮರದ ದೋಣಿಗಳು. ಒಂದು ಕಾಲದಲ್ಲಿ ಮೀನು, ಸಿಂಪಿ, ಮರದ ದಿಮ್ಮಿ ಹೊತ್ತು ದುಡಿದವು ಈಗ ಪ್ರವಾಸಿಗರನ್ನು ಹೊತ್ತು ದುಡಿಯುತ್ತಿವೆ. ನೋಡೋಕೆ ಚಂದ, ಫೋಟೋಗೆ ಇನ್ನೂ ಚಂದ. ಆದರೆ ಎಂಜಿನಿಯರಿಂಗ್ ಓದುವವರಿಗೆ ಇಲ್ಲಿ ಎರಡು ಪ್ರಶ್ನೆ ಏಳಬೇಕು. ನೂರು ವರ್ಷದ ಮರ ನೀರಲ್ಲಿ ಕೊಳೆಯದೆ ಉಳಿದದ್ದು ಹೇಗೆ? ಸರಕಿಗಂತ ಕಟ್ಟಿದ ದೋಣಿಗೆ ಜನರನ್ನು ಹತ್ತಿಸಿದರೆ ಏನಾಗುತ್ತೆ? ಮೊದಲ ಪ್ರಶ್ನೆಗೆ ಉತ್ತರ ಬಾಡಿಗೆ ಹಣದಲ್ಲಿದೆ. ಎರಡನೆಯದಕ್ಕೆ ಉತ್ತರ ಜೀವಗಳನ್ನು ಕಳೆದುಕೊಂಡ ಮೇಲೆ ಸಿಕ್ಕಿತು. ಎರಡನ್ನೂ ಒಟ್ಟಿಗೆ ನೋಡೋಕೆ ಅಮೆರಿಕದ ಪೂರ್ವ ಕರಾವಳಿಯ ಚೆಸಪೀಕ್ ಕೊಲ್ಲಿಗಿಂತ ಒಳ್ಳೆಯ ಜಾಗ ಸಿಗೋದು ಕಷ್ಟ.

ಕಾನೂನು ಉಳಿಸಿದ ಹಾಯಿದೋಣಿ

ಚೆಸಪೀಕ್ ಕೊಲ್ಲಿ ಉದ್ದದಲ್ಲಿ ಸುಮಾರು 320 ಕಿಲೋಮೀಟರ್. ಆಳ ಮಾತ್ರ ಸರಾಸರಿ ಆರೂವರೆ ಮೀಟರ್ ಅಷ್ಟೇ. ತಳದಲ್ಲಿ ಆಯ್ಸ್ಟರ್ ಎಂಬ ಸಿಂಪಿಗಳ ದಿಬ್ಬಗಳು. 1880ರ ದಶಕದಲ್ಲಿ ಮೇರಿಲ್ಯಾಂಡ್ ರಾಜ್ಯ ಒಂದರಲ್ಲೇ ವರ್ಷಕ್ಕೆ ಸುಮಾರು ಒಂದೂವರೆ ಕೋಟಿ ಬುಷೆಲ್ ಸಿಂಪಿ ಎತ್ತಿದ್ದರು. ಬುಷೆಲ್ ಅಂದ್ರೆ ಒಂದು ದೊಡ್ಡ ಬುಟ್ಟಿಯ ಅಳತೆ ಅಂದುಕೊಳ್ಳಿ.

ಆ ಕೆಲಸಕ್ಕೆ 1890ರ ದಶಕದಲ್ಲಿ ಬಂದದ್ದು ಸ್ಕಿಪ್‌ಜಾಕ್ ಎಂಬ ದೋಣಿ. ಒಂದೇ ಕಂಬ, ಅದೂ ಹಿಂದಕ್ಕೆ ವಾಲಿದ್ದು. ದೊಡ್ಡ ತ್ರಿಕೋನ ಹಾಯಿ. ತಳ ಅಗಲವಾದ ವಿ ಆಕಾರದ್ದು. ಸಾಮಾನ್ಯವಾಗಿ 12ರಿಂದ 15 ಮೀಟರ್ ಉದ್ದ. ತಳದ ಹಲಗೆಗಳನ್ನು ಉದ್ದಕ್ಕೆ ಬಗ್ಗಿಸಿ ಕೂರಿಸುವ ಬದಲು ಅಡ್ಡಕ್ಕೆ ಹೊಡೆಯುತ್ತಿದ್ದರು. ಇದರಿಂದ ಮನೆ ಕಟ್ಟುವ ಬಡಗಿಗೂ ಈ ದೋಣಿ ಕಟ್ಟಲು ಬರುತ್ತಿತ್ತು, ಖರ್ಚೂ ಕಡಿಮೆ. ನೀರು ಕಡಿಮೆ ಇರುವಲ್ಲಿ ಮೇಲಕ್ಕೆ ಎತ್ತಿಕೊಳ್ಳುವ ಸೆಂಟರ್‌ಬೋರ್ಡ್ ಎಂಬ ಹಲಗೆ ನಡುವೆ ಇರುತ್ತಿತ್ತು. ಡೆಕ್ ಅಗಲ, ಅಂಚು ತಗ್ಗು. ಹಲ್ಲಿರುವ ಕಬ್ಬಿಣದ ಚೌಕಟ್ಟಿಗೆ ಬಲೆಚೀಲ ಕಟ್ಟಿ, ತಳದ ಮೇಲೆ ಎಳೆದು, ಡೆಕ್ ಮೇಲೆ ಸುರಿಯೋಕೆ ಇದೆಲ್ಲ ಅನುಕೂಲ.

ಎಂಜಿನ್ ಬಂದ ಮೇಲೂ ಈ ಹಾಯಿದೋಣಿ ಮಾಯವಾಗಲಿಲ್ಲ. ಕಾರಣ ಕಾನೂನು. ಹೀಗೆ ಚೌಕಟ್ಟು ಎಳೆದು ಸಿಂಪಿ ಬಾಚುವುದಾದರೆ ಹಾಯಿಯಿಂದಲೇ ಎಳೆಯಬೇಕು ಅಂತ ಮೇರಿಲ್ಯಾಂಡ್ 19ನೇ ಶತಮಾನದಲ್ಲೇ ನಿಯಮ ಮಾಡಿತ್ತು. ಎಂಜಿನ್ ಹಾಕಿದರೆ ದಿಬ್ಬಗಳು ಬೇಗ ಬರಿದಾಗುತ್ತವೆ ಅನ್ನೋ ಭಯ. 1967ರಲ್ಲಿ ವಾರಕ್ಕೆ ಎರಡು ದಿನ ಎಂಜಿನ್ ನೆರವಿಗೆ ಅವಕಾಶ ಸಿಕ್ಕಿತು. ಆದರೂ ದೋಣಿಯೊಳಗೆ ಎಂಜಿನ್ ಇಡುವಂತಿಲ್ಲ. ಹಿಂಬದಿಗೆ ಪುಟ್ಟದೊಂದು ತಳ್ಳುದೋಣಿ ಕಟ್ಟಿಕೊಂಡು, ಅದರ ಎಂಜಿನ್‌ನಿಂದ ದೊಡ್ಡದನ್ನು ತಳ್ಳಬೇಕು. ಬೇರೆ ಕಡೆ ಮ್ಯೂಸಿಯಂ ಸೇರಿದ ತಂತ್ರಜ್ಞಾನ ಇಲ್ಲಿ ಕೆಲಸ ಮಾಡ್ತಾನೇ ಇತ್ತು.

ಕಾನೂನು ದೋಣಿಯನ್ನು ಉಳಿಸಿತು, ಸಿಂಪಿಯನ್ನು ಉಳಿಸೋಕೆ ಆಗಲಿಲ್ಲ. ಅತಿಯಾಗಿ ಎತ್ತಿದ್ದು, ಮೇಲಿಂದ ಎಂಎಸ್‌ಎಕ್ಸ್ ಮತ್ತು ಡರ್ಮೋ ಎಂಬ ಎರಡು ರೋಗಗಳು. 2003-04ರ ಹಂಗಾಮಿನಲ್ಲಿ ಮೇರಿಲ್ಯಾಂಡಿನ ಫಸಲು 30 ಸಾವಿರ ಬುಷೆಲ್‌ಗೂ ಕೆಳಗಿಳಿಯಿತು. ಒಂದೂವರೆ ಕೋಟಿ ಎಲ್ಲಿ, ಮೂವತ್ತು ಸಾವಿರ ಎಲ್ಲಿ! ಸಿಂಪಿ ನಂಬಿ ದೋಣಿ ಇಟ್ಟುಕೊಳ್ಳೋದು ಅಸಾಧ್ಯ ಆಯ್ತು. ಆಗ ಕೆಲವು ಮಾಲೀಕರು ಚಳಿಗಾಲಕ್ಕೆ ಸಿಂಪಿ, ಬೇಸಿಗೆಗೆ ಪ್ರವಾಸಿಗರು ಅಂತ ವರ್ಷವನ್ನೇ ಎರಡು ಭಾಗ ಮಾಡಿಕೊಂಡರು. 1886ರಲ್ಲಿ ಕಟ್ಟಿದ ರೆಬೆಕಾ ಟಿ. ರುವಾರ್ಕ್ ಹೀಗೆ ಎರಡೂ ಕೆಲಸ ಮಾಡಿದ ಹೆಸರಾಂತ ದೋಣಿ. 1902ರ ಸ್ಟ್ಯಾನ್ಲಿ ನಾರ್ಮನ್ ಎಂಬುದನ್ನು ಚೆಸಪೀಕ್ ಬೇ ಫೌಂಡೇಶನ್ ವಿದ್ಯಾರ್ಥಿಗಳ ಕಲಿಕಾ ಪ್ರವಾಸಕ್ಕೆ ಬಳಸಿತು.

ಬಾಡಿಗೆ ಹಣ ಹೋಗೋದು ಎಲ್ಲಿಗೆ?

ಮರದ ದೋಣಿಯನ್ನು ಶೆಡ್ಡಿನಲ್ಲಿಟ್ಟು ಬೀಗ ಹಾಕಿದರೆ ಹಾಗೇ ಉಳಿಯುತ್ತೆ ಅಂದುಕೊಳ್ತೀವಿ. ಆಗೋದು ಉಲ್ಟಾ. ಹಲಗೆ ಹಲಗೆಗಳ ನಡುವಿನ ಸಂದಿಗೆ ಹತ್ತಿ ಅಥವಾ ನಾರು ತುರುಕಿ, ಮೇಲೆ ಮೇಣದಂಥದ್ದನ್ನು ಬಳಿದಿರುತ್ತಾರೆ. ದೋಣಿ ನೀರಲ್ಲಿದ್ದಾಗ ಮರ ಉಬ್ಬುತ್ತೆ, ಹಲಗೆಗಳು ಒಂದಕ್ಕೊಂದು ಒತ್ತಿಕೊಂಡು ಸಂದಿ ಬಿಗಿಯಾಗುತ್ತೆ. ತಿಂಗಳುಗಟ್ಟಲೆ ಒಣಗಿಸಿಟ್ಟರೆ ಮರ ಕುಗ್ಗಿ ಸಂದಿಗಳು ಬಾಯಿ ಬಿಡುತ್ತವೆ. ನಮ್ಮೂರಲ್ಲಿ ಮರದ ಬಂಡಿಚಕ್ರ ಬಿಸಿಲಿಗೆ ಒಣಗಿ ಸಡಿಲ ಆದರೆ ಕೆರೆ ನೀರಿಗೆ ಹಾಕ್ತಿದ್ದರಲ್ಲ, ಅದೇ ತತ್ವ.

ಇನ್ನೊಂದು ಸಂಗತಿ ಇನ್ನೂ ವಿಚಿತ್ರ. ಮರದ ದೋಣಿಗೆ ಕೆಳಗಿನ ಉಪ್ಪುನೀರಿಗಿಂತ ಮೇಲಿನ ಮಳೆನೀರೇ ದೊಡ್ಡ ಶತ್ರು. ಮರವನ್ನು ಕೊಳೆಸೋದು ಶಿಲೀಂಧ್ರ. ಅದಕ್ಕೆ ತೇವವೂ ಬೇಕು, ಗಾಳಿಯೂ ಬೇಕು. ಪೂರ್ತಿ ಮುಳುಗಿರುವ ಹಲಗೆಯಲ್ಲಿ ಗಾಳಿ ಸಾಲದು, ಜೊತೆಗೆ ಉಪ್ಪು ಬೇರೆ. ಪೂರ್ತಿ ಒಣಗಿರುವ ಮರದಲ್ಲಿ ತೇವ ಇಲ್ಲ. ಡೆಕ್ಕಿನ ಸಂದಿಯಿಂದ ಇಳಿದ ಮಳೆನೀರು ಒಳಮೂಲೆಯಲ್ಲಿ ನಿಂತರೆ ಎರಡೂ ಸಿಕ್ಕವು. ಕೊಳೆತ ಶುರುವಾಗೋದು ಅಲ್ಲೇ. ಅದಕ್ಕೇ ದಿನಾ ಯಾರಾದರೂ ಹತ್ತಿ, ಡೆಕ್ಕಿಗೆ ಉಪ್ಪುನೀರು ಎರಚಿ ತೊಳೆದು, ಒಳಗೆ ಗಾಳಿ ಆಡುವಂತೆ ನೋಡಿಕೊಳ್ಳುವ ದೋಣಿ ಹೆಚ್ಚು ಕಾಲ ಬಾಳುತ್ತೆ.

ಮೂರನೆಯದು ಬೆನ್ನು ಬಾಗೋದು. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್‌ನಲ್ಲಿ ಬೀಮ್ ಲೆಕ್ಕ ಮಾಡಿದ್ದೀವಲ್ಲ, ಅದನ್ನೇ ದೋಣಿಗೆ ಹಾಕಿ. ನೀರು ಮೇಲಕ್ಕೆ ಎತ್ತುವ ಬಲ ಹೊಟ್ಟೆ ಅಗಲವಾಗಿರುವ ನಡುಭಾಗದಲ್ಲಿ ಹೆಚ್ಚು. ಮೂತಿ ಮತ್ತು ಹಿಂಬದಿ ಕಿರಿದು, ಅಲ್ಲಿ ಎತ್ತುವ ಬಲ ಕಡಿಮೆ, ತೂಕ ಮಾತ್ರ ಇದ್ದೇ ಇದೆ. ವರ್ಷಗಟ್ಟಲೆ ಹೀಗೆ ನಡುವೆ ಎತ್ತಿ ತುದಿಗಳನ್ನು ಜಗ್ಗಿದರೆ ಇಡೀ ದೋಣಿ ಹಂದಿಯ ಬೆನ್ನಿನ ಹಾಗೆ ಬಾಗುತ್ತೆ. ಇದಕ್ಕೆ ಹಾಗಿಂಗ್ ಅನ್ನೋ ಹೆಸರೇ ಇದೆ. ಬೆನ್ನು ಬಾಗಿದಂತೆ ಮೊಳೆಗಳು ಸಡಿಲವಾಗುತ್ತವೆ, ಸಂದಿಗಳು ತೆರೆಯುತ್ತವೆ, ಸೋರಿಕೆ ಹೆಚ್ಚುತ್ತೆ.

ಈ ಮೂರಕ್ಕೂ ಮದ್ದು ಒಂದೇ: ಆಗಾಗ ದಡಕ್ಕೆ ಎಳೆದು, ಕೆಟ್ಟ ಹಲಗೆ ಕಿತ್ತು, ಹೊಸದು ಕೂರಿಸೋದು. ಅದಕ್ಕೆ ಒಳ್ಳೆಯ ಮರ ಬೇಕು, ಅದಕ್ಕಿಂತ ಮುಖ್ಯವಾಗಿ ಆ ಕೈಕೆಲಸ ಬಲ್ಲವರು ಬೇಕು. ಎರಡೂ ದುಬಾರಿ. ನೂರು ವರ್ಷದ ದೋಣಿಯಲ್ಲಿ ಮೂಲದ ಹಲಗೆ ಎಷ್ಟು ಉಳಿದಿರುತ್ತೆ ಅನ್ನೋದೇ ಒಂದು ಪ್ರಶ್ನೆ. ಉಳಿದು ಬಂದಿರೋದು ಆಕಾರ, ಹೆಸರು, ಕಟ್ಟುವ ವಿದ್ಯೆ. ಚಾರ್ಟರ್ ಹಣ ಉಳಿಸ್ತಾ ಇರೋದು ಇವುಗಳನ್ನು. ಮೂರು ಗಂಟೆ ಹಾಯಿ ಹಾರಿಸಿಕೊಂಡು ಬಂದ ಕುಟುಂಬ ಕೊಟ್ಟ ದುಡ್ಡಿನಲ್ಲಿ ಮುಂದಿನ ವರ್ಷದ ಒಂದು ಹಲಗೆ ಇದೆ ಅಂದ್ರೆ ತಪ್ಪಿಲ್ಲ.

ಇಲ್ಲಿಯವರೆಗೆ ಎಲ್ಲ ಚಂದ. ತೊಡಕು ಶುರುವಾಗೋದು ಮುಂದೆ. ಹಣ ಬರೋದು ತಲೆ ಲೆಕ್ಕದಲ್ಲಿ. ಹತ್ತು ಜನ ಹೆಚ್ಚು ಹತ್ತಿಸಿದರೆ ಇನ್ನೂ ಎರಡು ಹಲಗೆ. ಅಪಾಯ ಹೆಚ್ಚೋದೂ ತಲೆ ಲೆಕ್ಕದಲ್ಲೇ.

1951, 1955: ಎರಡು ದೋಣಿ, ಒಂದು ಕಾನೂನು

1951ರ ಸೆಪ್ಟೆಂಬರ್ 1. ನ್ಯೂಯಾರ್ಕ್ ಬಳಿಯ ಮೊಂಟಾಕ್. ರಜೆಯ ವಾರಾಂತ್ಯ. ನಗರದಿಂದ ಮೀನು ಹಿಡಿಯುವ ಹವ್ಯಾಸಿಗಳಿಗಂತಲೇ ಬಿಟ್ಟಿದ್ದ ರೈಲಿನಿಂದ ಇಳಿದು ಜನ ಬೋಟುಗಳ ಕಡೆ ಓಡಿದರು. ಪೆಲಿಕನ್ ಎಂಬ ಬೋಟ್ ಸುಮಾರು 13 ಮೀಟರ್ ಉದ್ದದ್ದು. ಅದರ ಮೇಲೆ ನಡೆಸುವವರೂ ಸೇರಿ 64 ಜನ. ವಾಪಸ್ ಬರುವಾಗ ಗಾಳಿ ಎದ್ದಿತು, ಎಂಜಿನ್ ತೊಂದರೆ ಕೊಟ್ಟಿತು. ಅಲೆ ಒಂದು ಮಗ್ಗುಲಿಗೆ ಹೊಡೆದಾಗ ಜನ ಇನ್ನೊಂದು ಮಗ್ಗುಲಿಗೆ ಸರಿದರು. ಬೋಟ್ ಮಗುಚಿತು. 45 ಜನ ಸತ್ತರು.

ನಾಲ್ಕು ವರ್ಷದ ನಂತರ ಚೆಸಪೀಕ್ ಕೊಲ್ಲಿಯಲ್ಲೇ ಇನ್ನೊಂದು. ಲೆವಿನ್ ಜೆ. ಮಾರ್ವೆಲ್ 1891ರಲ್ಲಿ ಡೆಲವೇರ್ ರಾಜ್ಯದ ಬೆಥೆಲ್‌ನಲ್ಲಿ ಕಟ್ಟಿದ ಮೂರು ಕಂಬದ ಹಾಯಿಹಡಗು. ಕಾಲುವೆಯ ಕಿರಿದಾದ ಬಾಗಿಲುಗಳಲ್ಲಿ ತೂರಿ ಹೋಗಲಿ ಅಂತ ಉದ್ದಕ್ಕೆ, ಇಕ್ಕಟ್ಟಾಗಿ, ತಳ ಚಪ್ಪಟೆಯಾಗಿ ಕಟ್ಟಿದ್ದು. ಸರಕಿನ ಕಾಲ ಮುಗಿದ ಮೇಲೆ ಅದನ್ನು ವಿಹಾರಕ್ಕೆ ತಿರುಗಿಸಿದ್ದರು. ಒಳಗೆ ಎಂಜಿನ್ ಇಲ್ಲ. 1955ರ ಆಗಸ್ಟ್‌ನಲ್ಲಿ ಕಾನಿ ಎಂಬ ಚಂಡಮಾರುತ ಬರುತ್ತಿದೆ ಅಂತ ಗೊತ್ತಿದ್ದರೂ ವಿಹಾರ ಮುಂದುವರಿಯಿತು. ಆಗಸ್ಟ್ 12ರಂದು ಮೇರಿಲ್ಯಾಂಡಿನ ನಾರ್ತ್ ಬೀಚ್ ಬಳಿ ಹಡಗು ಒಡೆದು ಮುಳುಗಿತು. ಮೇಲಿದ್ದ 27 ಜನರಲ್ಲಿ 14 ಜನ ಸತ್ತರು. 64 ವರ್ಷದ ಆ ಹಡಗು ಪ್ರಯಾಣಕ್ಕೆ ಯೋಗ್ಯ ಸ್ಥಿತಿಯಲ್ಲಿರಲಿಲ್ಲ ಅಂತ ವಿಚಾರಣೆಯಲ್ಲಿ ಹೊರಬಂತು.

ಎರಡೂ ಪ್ರಕರಣಗಳಲ್ಲಿ ಒಂದು ಸಾಮಾನ್ಯ ಅಂಶ ಇತ್ತು. ಅಂಥ ಸಣ್ಣ ಬೋಟಿಗಾಗಲಿ, ಅಂಥ ಹಾಯಿಹಡಗಿಗಾಗಲಿ ಆಗ ಕಡ್ಡಾಯ ತಪಾಸಣೆ ಇರಲಿಲ್ಲ. 1956ರ ಮೇ ತಿಂಗಳಲ್ಲಿ ಅಮೆರಿಕದ ಸಂಸತ್ತು ಕಾನೂನು ತಂದಿತು: ಬಾಡಿಗೆಗೆ ಆರಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಹತ್ತಿಸುವ ದೋಣಿ ಕೋಸ್ಟ್ ಗಾರ್ಡ್ ತಪಾಸಣೆಗೆ ಒಳಪಡಬೇಕು. ಇವತ್ತಿಗೂ ಅಲ್ಲಿ ಚಾರ್ಟರ್ ಕೇಳಲು ಹೋದರೆ ಆರು ಅನ್ನೋ ಸಂಖ್ಯೆ ಮತ್ತೆ ಮತ್ತೆ ಕೇಳಿಸುತ್ತೆ. ಆರು ಜನದೊಳಗೆ ಆದರೆ ಲೈಸೆನ್ಸ್ ಇರುವ ಕ್ಯಾಪ್ಟನ್ ಸಾಕು. ಏಳನೆಯವನು ಹತ್ತಬೇಕಾದರೆ ದೋಣಿಗೇ ಸರ್ಟಿಫಿಕೇಟ್ ಬೇಕು. ಎಷ್ಟು ಜನರಿಗೆ ಅನುಮತಿ ಅಂತ ಅದರಲ್ಲಿ ಬರೆದಿರುತ್ತೆ.

ಆ ಸಂಖ್ಯೆ ಬರೋದು ಎಲ್ಲಿಂದ?

ಫ್ಲೂಯಿಡ್ಸ್ ಲ್ಯಾಬಿನಲ್ಲಿ ಪುಟ್ಟ ಹಡಗಿನ ಮಾದರಿಯ ಮೇಲೆ ತೂಕ ಸರಿಸಿ, ಎಷ್ಟು ಡಿಗ್ರಿ ವಾಲಿತು ನೋಡಿ, ಮೆಟಾಸೆಂಟ್ರಿಕ್ ಎತ್ತರ ಕಂಡುಹಿಡಿಯುವ ಪ್ರಯೋಗ ಇದೆಯಲ್ಲ? ರೆಕಾರ್ಡ್ ಬುಕ್ಕಿಗೆ ಸೀನಿಯರ್ ರೀಡಿಂಗ್ ಇಳಿಸಿಕೊಂಡು ಮುಗಿಸುವ ಆ ಪ್ರಯೋಗವೇ ಇಲ್ಲಿನ ಜೀವಾಳ. ಸೂತ್ರ ಎಲ್ಲರಿಗೂ ಗೊತ್ತು:

ಟ್ಯಾನ್ ಥೀಟಾ = (ಸರಿದ ತೂಕ × ಸರಿದ ದೂರ) ÷ (ಒಟ್ಟು ತೂಕ × ಜಿಎಂ)

ಜಿಎಂ ಅಂದ್ರೆ ಗುರುತ್ವ ಕೇಂದ್ರದಿಂದ ಮೆಟಾಸೆಂಟರ್‌ಗೆ ಇರುವ ಎತ್ತರ. ಇದು ಹೆಚ್ಚಿದ್ದಷ್ಟೂ ದೋಣಿ ಗಟ್ಟಿಯಾಗಿ ನೆಟ್ಟಗಾಗುತ್ತೆ. ಲೆಕ್ಕಕ್ಕೋಸ್ಕರ ಒಂದು ದೋಣಿ ಊಹಿಸಿಕೊಳ್ಳಿ. ಜನ ಸೇರಿ ಒಟ್ಟು 15,000 ಕೆಜಿ, ಜಿಎಂ 0.6 ಮೀಟರ್. 70 ಕೆಜಿಯ 20 ಜನ ಡಾಲ್ಫಿನ್ ಕಾಣಿಸಿತು ಅಂತ ಒಂದೇ ಮಗ್ಗುಲಿಗೆ 2 ಮೀಟರ್ ಸರಿದರು. ಮೇಲೆ 2,800, ಕೆಳಗೆ 9,000. ಭಾಗಿಸಿದರೆ 0.31. ಅಂದ್ರೆ ಸುಮಾರು 17 ಡಿಗ್ರಿ ವಾಲಿಕೆ. ಕಿರುಚಾಟ ಆಗುತ್ತೆ, ಆದರೆ ಅಂಚು ಎತ್ತರ ಇದ್ದರೆ ದೋಣಿ ತಾಳಿಕೊಳ್ಳಬಹುದು.

ಈಗ ಅದೇ ದೋಣಿಗೆ ಇನ್ನೂ 20 ಜನ ಹತ್ತಿದರು ಅನ್ನಿ. ಒಟ್ಟು ತೂಕ 16,400 ಕೆಜಿ. ನಿಂತಿರುವ ಜನರ ತೂಕ ಮೇಲ್ಗಡೆ ಇರೋದರಿಂದ ಗುರುತ್ವ ಕೇಂದ್ರ ಏರುತ್ತೆ, ಜಿಎಂ ಇಳಿಯುತ್ತೆ. 0.45 ಅಂತ ಇಟ್ಟುಕೊಳ್ಳೋಣ. ನಲವತ್ತೂ ಜನ ಒಂದೇ ಕಡೆ ಸರಿದರೆ ಮೇಲೆ 5,600, ಕೆಳಗೆ 7,380. ಉತ್ತರ 0.76, ಅಂದ್ರೆ 37 ಡಿಗ್ರಿ. ಈ ಸೂತ್ರ ಸಣ್ಣ ಕೋನಗಳಿಗೆ ಮಾತ್ರ ಸರಿ, ಆದ್ದರಿಂದ 37 ಅನ್ನೋ ಅಂಕಿಯನ್ನು ಹಾಗೇ ನಂಬಬೇಡಿ. ಅಷ್ಟು ವಾಲುವ ಮುಂಚೆಯೇ ಡೆಕ್ಕಿನ ಅಂಚು ನೀರಿಗೆ ಮುಳುಗಿ, ನೀರು ಒಳನುಗ್ಗಿ, ಲೆಕ್ಕ ಮುಗಿದಿರುತ್ತೆ. ಜನ ದುಪ್ಪಟ್ಟಾದರೆ ಅಪಾಯ ದುಪ್ಪಟ್ಟಿಗಿಂತ ಹೆಚ್ಚಾಗುತ್ತೆ ಅನ್ನೋದಷ್ಟೇ ಇಲ್ಲಿ ನೋಡಬೇಕಾದ್ದು. ಸಿಂಪಿಯ ರಾಶಿ ಬಿದ್ದಲ್ಲೇ ಬಿದ್ದಿರುತ್ತೆ. ಜನ ಏಳುತ್ತಾರೆ, ಓಡಾಡುತ್ತಾರೆ, ಸೆಲ್ಫಿಗೆ ಗುಂಪು ಸೇರುತ್ತಾರೆ. ದೋಣಿಯ ಮಟ್ಟಿಗೆ ಮನುಷ್ಯ ಅತ್ಯಂತ ಕೆಟ್ಟ ಸರಕು.

ಅದಕ್ಕೇ ಸಣ್ಣ ದೋಣಿಗಳಲ್ಲಿ ಜನರ ಬದಲು ಅಷ್ಟೇ ತೂಕದ ಮರಳುಚೀಲವನ್ನೋ ನೀರು ತುಂಬಿದ ಡ್ರಮ್ಮನ್ನೋ ಇಟ್ಟು, ಒಂದು ಮಗ್ಗುಲಿಗೆ ಸರಿಸಿ, ಎಷ್ಟು ವಾಲಿತು ಅಂತ ಅಳೆಯುತ್ತಾರೆ. ಸರ್ಟಿಫಿಕೇಟಿನಲ್ಲಿರುವ ಸಂಖ್ಯೆಗೆ ಇದೇ ಆಧಾರ.

ಆದರೆ ಒಬ್ಬ ಮನುಷ್ಯನ ತೂಕ ಎಷ್ಟು ಅಂತ ಹಿಡಿಯೋದು? 2004ರ ಮಾರ್ಚ್ 6ರಂದು ಇದೇ ಮೇರಿಲ್ಯಾಂಡಿನ ಬಾಲ್ಟಿಮೋರ್ ಬಂದರಿನಲ್ಲಿ ಲೇಡಿ ಡಿ ಎಂಬ ವಾಟರ್ ಟ್ಯಾಕ್ಸಿ ಗಾಳಿಮಳೆಗೆ ಸಿಕ್ಕಿ ಮಗುಚಿತು. ಐದು ಜನ ಸತ್ತರು. ಅದು ಹಳೇ ಮರದ ದೋಣಿ ಅಲ್ಲ. ಅನುಮತಿ ಇದ್ದದ್ದು 25 ಜನಕ್ಕೆ, ಮೇಲಿದ್ದದ್ದೂ 25. ಕಾಗದದ ಮೇಲೆ ಎಲ್ಲ ಸರಿ. ತಪ್ಪಿದ್ದದ್ದು ಆ 25ರ ಹಿಂದಿನ ಲೆಕ್ಕದಲ್ಲಿ. ತಲೆಗೆ 140 ಪೌಂಡ್, ಅಂದ್ರೆ ಸುಮಾರು 64 ಕೆಜಿ ಅಂತ ಹಿಡಿದಿದ್ದರು. ಅಷ್ಟರಲ್ಲಿ ಜನ ದಪ್ಪ ಆಗಿದ್ದರು. 2011ರ ಡಿಸೆಂಬರ್‌ನಿಂದ ಆ ಅಂಕಿಯನ್ನು 185 ಪೌಂಡ್‌ಗೆ, ಸುಮಾರು 84 ಕೆಜಿಗೆ ಏರಿಸಿದರು. ಅಂಕಿ ಬದಲಾದಾಗ ಎಷ್ಟೋ ದೋಣಿಗಳಿಗೆ ಅನುಮತಿಸಿದ ಜನಸಂಖ್ಯೆ ಇಳಿಯಲೇಬೇಕಾಯಿತು. ಅಂದ್ರೆ ಮಾಲೀಕರ ಆದಾಯವೂ ಇಳಿಯಿತು, ಹಲಗೆಯ ಹಣವೂ ಇಳಿಯಿತು. ಸುರಕ್ಷತೆ ಪುಕ್ಕಟೆ ಬರೋದಿಲ್ಲ.

ಹಳೆಯದು ಅನ್ನೋದೇ ಗ್ಯಾರಂಟಿ ಅಲ್ಲ

ಇಷ್ಟು ವರ್ಷ ತೇಲಿದೆ, ಇನ್ನು ಮುಂದೂ ತೇಲುತ್ತೆ ಅನ್ನೋ ಧೈರ್ಯ ಅಪಾಯಕಾರಿ. ರೆಬೆಕಾ ಟಿ. ರುವಾರ್ಕ್ ತನ್ನ 113ನೇ ವಯಸ್ಸಿನಲ್ಲಿ, 1999ರ ನವೆಂಬರ್‌ನ ಬಿರುಗಾಳಿಯಲ್ಲಿ ಮುಳುಗಿತು. ಮೇಲಿದ್ದವರು ಬದುಕಿದರು, ದೋಣಿಯನ್ನೂ ಎತ್ತಿ ರಿಪೇರಿ ಮಾಡಿದರು. ಎಲ್ಲ ಕಡೆ ಅದೃಷ್ಟ ಹೀಗಿರಲಿಲ್ಲ. 2023ರ ಅಕ್ಟೋಬರ್‌ನಲ್ಲಿ, ಉತ್ತರಕ್ಕಿರುವ ಮೇಯ್ನ್ ರಾಜ್ಯದಲ್ಲಿ 1882ರ ಗ್ರೇಸ್ ಬೇಲಿ ಎಂಬ ವಿಹಾರದ ಹಾಯಿಹಡಗಿನ ಕಂಬ ಮುರಿದು ಡೆಕ್ಕಿಗೆ ಬಿತ್ತು. ಒಬ್ಬ ಪ್ರಯಾಣಿಕರು ಸತ್ತರು. ಕಂಬದ ಒಳಗೆ ಮರ ಕೊಳೆತಿತ್ತು ಅಂತ ತನಿಖೆ ಹೇಳಿತು. ಹೊರಗೆ ಬಣ್ಣ ಚೆನ್ನಾಗಿದ್ದ ಮಾತ್ರಕ್ಕೆ ಒಳಗೂ ಚೆನ್ನಾಗಿದೆ ಅನ್ನೋಕಾಗಲ್ಲ. ಕಬ್ಬಿಣದ ಬೀಮಿಗೆ ಅಲ್ಟ್ರಾಸೋನಿಕ್ ಪರೀಕ್ಷೆ ಮಾಡಿದಷ್ಟು ಸುಲಭವಾಗಿ ಮರದ ಒಡಲನ್ನು ಓದಲು ಬರೋದಿಲ್ಲ. ಸುತ್ತಿಗೆಯಿಂದ ತಟ್ಟಿ ಸದ್ದು ಕೇಳೋದು, ಸಣ್ಣ ತೂತು ಕೊರೆದು ಪುಡಿ ನೋಡೋದು ಇವತ್ತಿಗೂ ಬಳಕೆಯಲ್ಲಿದೆ. ಪ್ರಾಜೆಕ್ಟ್ ವಿಷಯ ಹುಡುಕುತ್ತಿರುವವರು ಇದನ್ನು ಬರೆದಿಟ್ಟುಕೊಳ್ಳಿ.

ನಮ್ಮ ಕರಾವಳಿಯಲ್ಲಿ

ಇದೆಲ್ಲ ದೂರದ ಅಮೆರಿಕದ ಕತೆ ಅಂತ ಬಿಡೋ ಹಾಗಿಲ್ಲ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ ಹದಿನೈದಕ್ಕೂ ಹೆಚ್ಚು ಜನ ಸತ್ತರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜನ, ಅದರಲ್ಲಿ ಬಹಳಷ್ಟು ಮಕ್ಕಳು. ತಾನೂರಿನದು ಮೀನುಗಾರಿಕೆಯ ಬೋಟನ್ನು ವಿಹಾರಕ್ಕೆ ಮಾರ್ಪಡಿಸಿದ್ದು, ಮೇಲೊಂದು ಅಂತಸ್ತು ಬೇರೆ, ಮಿತಿ ಮೀರಿ ಜನ. ಮೇಲಿನ ಲೆಕ್ಕ ಓದಿದವರಿಗೆ ಅಲ್ಲಿ ಏನಾಯಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲೂ ಕಾನೂನು ಇದೆ. 1917ರ ಹಳೆಯ ಕಾಯ್ದೆಯ ಜಾಗಕ್ಕೆ ಒಳನಾಡು ಹಡಗುಗಳ ಕಾಯ್ದೆ 2021 ಬಂದಿದೆ, ನೋಂದಣಿ ಮತ್ತು ಸರ್ವೆ ಸರ್ಟಿಫಿಕೇಟ್ ಕೇಳುತ್ತೆ. ಆದರೆ ದಕ್ಕೆಯಲ್ಲಿ ನಿಂತು ತಲೆ ಎಣಿಸುವವರು ಯಾರೂ ಇಲ್ಲದಿದ್ದರೆ ಕಾನೂನು ಕಪಾಟಿನಲ್ಲೇ ಇರುತ್ತೆ.

ಹಾಗಂತ ಬೋಟ್ ಹತ್ತಲೇಬೇಡಿ ಅಂತ ಹೇಳ್ತಿಲ್ಲ. ಹಳೇ ಮರದ ದೋಣಿಗಳು ಉಳಿಯಬೇಕಾದರೆ ನಮ್ಮಂಥವರು ಹತ್ತಲೇಬೇಕು. ಹತ್ತುವ ಮುಂಚೆ ಇಷ್ಟು ನೋಡಿ. ಅನುಮತಿಸಿದ ಜನಸಂಖ್ಯೆ ಎಲ್ಲಿ ಬರೆದಿದೆ? ಲೈಫ್ ಜಾಕೆಟ್ ತಲೆಗೊಂದು ಇದೆಯಾ? ಇದ್ದರೆ ಮೂಟೆ ಕಟ್ಟಿಟ್ಟಿದ್ದಾರಾ, ಮೈಮೇಲೆ ಇದೆಯಾ? ಮೇಲಂತಸ್ತು ಇದ್ದರೆ ಎಲ್ಲರೂ ಅಲ್ಲೇ ಸೇರಬೇಡಿ. ದೋಣಿಯನ್ನು ಕೊನೆಯ ಬಾರಿ ದಡಕ್ಕೆ ಎಳೆದು ರಿಪೇರಿ ಮಾಡಿದ್ದು ಯಾವಾಗ ಅಂತ ಕೇಳಿ. ಒಳ್ಳೆಯ ಮಾಲೀಕರಾದರೆ ಈ ಪ್ರಶ್ನೆಗೆ ಖುಷಿಯಿಂದ ಅರ್ಧ ಗಂಟೆ ಉತ್ತರ ಕೊಡುತ್ತಾರೆ. ಗಾಳಿ ಜೋರಿದೆ, ಇವತ್ತು ಬೇಡ ಅಂತ ನಡೆಸುವವರು ಹೇಳಿದರೆ ದುಡ್ಡು ವಾಪಸ್ ಕೇಳೋ ಮುಂಚೆ ಒಂದು ಥ್ಯಾಂಕ್ಸ್ ಹೇಳಿ.

ಕ್ಲಾಸಿನಲ್ಲಿ ಅರವತ್ತು ಜನ ಇದ್ದು, ದೋಣಿಗೆ ಮೂವತ್ತರ ಮಿತಿ ಇದ್ದರೆ ಎರಡು ಟ್ರಿಪ್ ಮಾಡಿಸಿ. ಬಾಡಿಗೆ ಜಾಸ್ತಿ ಆಗುತ್ತೆ. ಆ ಜಾಸ್ತಿ ಹಣದಲ್ಲಿ ದೋಣಿಗೆ ಒಂದು ಹೊಸ ಹಲಗೆಯೂ ಬರಬಹುದು.